ತೊಡೆಯ ಮೇಲಿನ ಕೈ

ಪೋಲಿಯೊ ಬಂದಾಗ ಪ್ರೇಮಲೀಲಾಗೆ ಇನ್ನೂ ತೊದಲು ಮಾತು. ಬಲಗಾಲು ಸೊರಗಿತು. ಹೆಜ್ಜೆಯಿಟ್ಟಾಗಲೆಲ್ಲ ಮಂಡಿ ಕುಸಿಯದಂತೆ ಬಲಗೈಯಿಂದ ತೊಡೆಯನ್ನು ಒತ್ತಿ ಹಿಡಿಯಬೇಕು. ಒತ್ತಿ, ವಾಲಿ, ಎದ್ದು, ಮತ್ತೆ ಒತ್ತಿ. ದೇವರಾಜ ಮೊಹಲ್ಲಾದ ಜನ ಆ ನಡಿಗೆಯನ್ನು ಬೀದಿಯ ಆ ತುದಿಯಿಂದಲೇ ಗುರುತು ಹಿಡಿಯುತ್ತಿದ್ದರು. ಅಪ್ಪ ಪ್ರಭುಸ್ವಾಮಿಯವರ ಹಿತ್ತಾಳೆ ಪಾತ್ರೆಗಳ ಅಂಗಡಿ ಅಲ್ಲೇ ಇತ್ತು.

ಅಂಗಡಿಯ ಮಹಡಿಯ ಮೇಲೆ ಚೂಡಾಮಣಿ ಎಂಬುವವರು ಭರತನಾಟ್ಯ ಕಲಿಸುತ್ತಿದ್ದರು. ಪ್ರೇಮಲೀಲಾಗೆ ತಾಳಜ್ಞಾನ ಚೆನ್ನಾಗಿದೆಯೆಂದು ಅವಳ ಕೈಗೆ ತಾಳ ಹಾಕುವ ತಟ್ಟುಕೋಲು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಉಳಿದವರು ಕುಣಿಯುತ್ತಿದ್ದರು, ಇವಳು ತಟ್ಟುತ್ತಿದ್ದಳು. ೧೯೯೬ರ ಒಂದು ಮಧ್ಯಾಹ್ನ, ಎಲ್ಲರೂ ಹೋದರೆಂದುಕೊಂಡು ಪ್ರೇಮಲೀಲಾ ಎದ್ದು ನಿಂತಳು. ಎರಡೂ ಮಂಡಿ ಅರ್ಧ ಮಡಿಚಿ ಅರಮಂಡಿಯಲ್ಲಿ ಕೂರುವುದು ಅವಳಿಂದಾಗದ ಮಾತು. ಹಾಗಾಗಿ ತನ್ನ ನಡಿಗೆಯನ್ನೇ ತಾಳಕ್ಕೆ ಹಾಕಿದಳು. ಕೈ ತೊಡೆಗೆ ಬಿದ್ದಾಗ ಒಂದು ಪೆಟ್ಟು, ಮೈ ವಾಲಿದಾಗ ಇನ್ನೊಂದು. ಆಮೇಲೆ ಬೇಕೆಂದೇ ಕೈ ತೆಗೆದಳು. ಮಂಡಿ ಮಡಿಚಿತು, ನೆಲಕ್ಕಿಳಿದಳು, ಅದೇ ಕೈಯೂರಿ ಸುತ್ತಿ ಮೇಲೆದ್ದಳು.

ಬಾಗಿಲಲ್ಲಿ ಚೂಡಾಮಣಿ ನಿಂತಿದ್ದರು. “ಇನ್ನೊಂದ್ಸಲ ಬೀಳು, ನೋಡೋಣ.”

“ಬೀಳೋದಲ್ಲ ಮೇಡಂ, ಇಳಿಯೋದು.”

ಇಬ್ಬರೂ ಸೇರಿ ಅದನ್ನು ಪೂರ್ತಿ ನೃತ್ಯವಾಗಿ ಕಟ್ಟಿದರು. ಮರುವರ್ಷ ನೃತ್ಯಶಾಲೆಯ ವಾರ್ಷಿಕೋತ್ಸವದಲ್ಲಿ ಪ್ರೇಮಲೀಲಾ ಮೊಣಕಾಲು ಕಾಣುವಂತೆ ಕಚ್ಚೆ ಉಟ್ಟು, ಸಣ್ಣ ಕಾಲಿಗೂ ಗೆಜ್ಜೆ ಕಟ್ಟಿ ಕುಣಿದಳು. ಮುಗಿದಾಗ ಚಪ್ಪಾಳೆ ಬರಲು ಹೊತ್ತು ಹಿಡಿಯಿತು. ಒಬ್ಬ ಹೆಂಗಸು ವೇದಿಕೆ ಹತ್ತಿ ಬಂದು ಅವಳ ತಲೆ ಸವರಿದಳು.

“ಪಾಪ, ಕಾಲೊಂದು ಸರಿಯಾಗಿದ್ದಿದ್ರೆ ಎಷ್ಟು ಚೆನ್ನಾಗಿ ಕುಣೀತಿದ್ಯೋ ಕಣಮ್ಮ!”

“ಕಾಲು ಸರಿಯಾಗಿದ್ದಿದ್ರೆ ಈ ನೃತ್ಯಾನೇ ಇರ್ತಿರ್ಲಿಲ್ಲ,” ಎಂದಳು ಪ್ರೇಮಲೀಲಾ. ಆಕೆಗೆ ಅರ್ಥವಾಗಲಿಲ್ಲ.

ಪ್ರಭುಸ್ವಾಮಿಯವರು ಮನೆಗೆ ಬಂದು ಊಟ ಮಾಡಲಿಲ್ಲ. “ಮುಚ್ಚಿಡಬೇಕಾದ್ದನ್ನ ಊರಿಗೆಲ್ಲಾ ತೋರಿಸ್ಬುಟ್ಟೆ. ನಾಳೆ ನಿನ್ನ ಯಾರು ಕೇಳ್ಕೊಂಡು ಬರ್ತಾರೆ?”

ಹೆಣ್ಣು ಕೇಳಿಕೊಂಡು ಬಂದ ಒಂದೇ ಒಂದು ಸಂಬಂಧದವರು, ಆಪರೇಷನ್ ಮಾಡಿಸಿದರೆ ನೋಡೋಣ ಎಂದರು. ಖಾಸಗಿ ಆಸ್ಪತ್ರೆಯೊಂದರ ಡಾಕ್ಟರು ಮೂಳೆಯನ್ನು ನೇರ ಮಾಡಬಹುದು, ಆಮೇಲೆ ತೊಡೆ ಹಿಡಿಯಬೇಕಿಲ್ಲ, ನಿಂತಾಗ ಮಂಡಿ ಮಾತ್ರ ಬಿಗಿಯಾಗುತ್ತದೆ, ಕುರ್ಚಿಯಲ್ಲಿ ಕೂರುವಷ್ಟೇ ಮಡಿಚುತ್ತದೆ ಎಂದರು. ಪ್ರೇಮಲೀಲಾ ಮೊದಲು ಆಗುವುದಿಲ್ಲವೆಂದಳು. ಆದರೆ ಅವಳಿಗೂ ಒಂದಾಸೆಯಿತ್ತು. ಮಳೆಯಲ್ಲಿ ಮಾರ್ಕೆಟ್ಟಿಗೆ ಹೋದರೆ ಚೀಲವನ್ನೂ ಕೊಡೆಯನ್ನೂ ಒಟ್ಟಿಗೆ ಹಿಡಿಯಲು ಅವಳಿಗೆ ಎಂದೂ ಆಗಿರಲಿಲ್ಲ.

“ಆಮೇಲೆ ಕುಣೀಬೋದಾ ಡಾಕ್ಟ್ರೇ?” ಎಂದು ಕೇಳಿದಳು.

ಡಾಕ್ಟರು ನಕ್ಕು ಪ್ರಭುಸ್ವಾಮಿಯವರ ಕಡೆ ತಿರುಗಿದರು. “ಎಲ್ಲರ ಥರ ನಡೀತಾಳೆ ಬಿಡಿ.”

ಪ್ರೇಮಲೀಲಾ ಒಪ್ಪಿದಳು. ಪ್ಲಾಸ್ಟರ್ ಬಿಚ್ಚುವಷ್ಟರಲ್ಲಿ ಕೇಳಿಕೊಂಡು ಬಂದಿದ್ದ ಹುಡುಗನಿಗೆ ಬೇರೆ ಕಡೆ ಲಗ್ನವಾಗಿತ್ತು. ಆಪರೇಷನ್ನೇನೋ ಸರಿಯಾಗಿಯೇ ಆಗಿತ್ತು. ಪ್ರೇಮಲೀಲಾ ಎರಡೂ ಕೈ ಬೀಸಿಕೊಂಡು ನಡೆದಳು. ಸೀರೆಯುಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪ್ರಭುಸ್ವಾಮಿಯವರು ಬೀದಿಗೆಲ್ಲ ಸಿಹಿ ಹಂಚಿದರು.

ಮಹಡಿ ಹತ್ತಿ ಹೋಗಿ ಅವಳು ತನ್ನ ನೃತ್ಯಕ್ಕೆ ನಿಂತಳು. ಕೈ ತೊಡೆಗೆ ಬಿತ್ತು, ಆದರೆ ಮೈ ವಾಲಲಿಲ್ಲ. ಕೈ ತೆಗೆದಳು. ಮಂಡಿ ಮಡಿಚಲಿಲ್ಲ. ಕಾಲು ಗೂಟದಂತೆ ನಿಂತೇ ಇತ್ತು. ಬಲವಂತವಾಗಿ ಇಳಿಯಲು ಹೋಗಿ ದಬಾರನೆ ಬಿದ್ದಳು. ಈ ಸಲ ಅದು ಬೀಳುವುದೇ ಆಗಿತ್ತು.

“ಇದು ಯಾರ ಕಾಲು ಮೇಡಂ?” ಎಂದು ನೆಲದ ಮೇಲೇ ಕೂತು ಅತ್ತಳು.

ಚೂಡಾಮಣಿ ಅವಳನ್ನು ಎಬ್ಬಿಸಿದರು. “ಈ ಕಾಲಿಗೆ ಹೊಸದೊಂದು ಕಟ್ಟೋಣ ಬಾ.” ಕಟ್ಟಲು ನೋಡಿದರು, ಆಗಲಿಲ್ಲ. ಹಳೆಯ ಕಾಲಿಗೆ ಹೇಳಲು ಒಂದು ಜನ್ಮದಷ್ಟಿತ್ತು, ಹೊಸ ಕಾಲಿನ ಪರಿಚಯವೇ ಅವಳಿಗಿರಲಿಲ್ಲ. ಕೊನೆಗೆ ಮತ್ತೆ ತಟ್ಟುಕೋಲು ಹಿಡಿದಳು, ನೆಲದಲ್ಲಿ ಕೂರಲಾಗದೆ ಕುರ್ಚಿಯ ಮೇಲೆ ಕೂತು.

೨೦೦೪ರಲ್ಲಿ ಹಿನಕಲ್‌ನಿಂದ ಬಿಂದು ಎಂಬ ಕಾಲೇಜು ಹುಡುಗಿ ನಾಟ್ಯ ಕಲಿಯಲು ಬಂದಳು. ಅವಳಿಗೂ ಪೋಲಿಯೊ, ಎಡಗಾಲಿಗೆ. ತೊಡೆ ಒತ್ತಿಕೊಂಡೇ ಮೆಟ್ಟಿಲು ಹತ್ತಿ ಬಂದವಳನ್ನು ಪ್ರೇಮಲೀಲಾ ಕಣ್ಣು ಕೀಳದೆ ನೋಡಿದಳು. ತನ್ನ ನೃತ್ಯವನ್ನು ಕುರ್ಚಿಯಿಂದಲೇ ಅವಳಿಗೆ ಹೇಳಿಕೊಟ್ಟಳು.

“ಇಲ್ಲಿ ಕೈ ತೆಗಿ. ಇಳಿ.”

“ಅಲ್ಲಿ ನಂಗೆ ಇಳಿಯೋಕೆ ಬರಲ್ಲ ಅಕ್ಕ. ನನ್ನ ಸೊಂಟ ತಿರುಗೋದೇ ಬೇರೆ. ನಾನು ಆಮೇಲ್ ಇಳೀಲಾ?”

ಪ್ರೇಮಲೀಲಾ ಮತ್ತೆ ತಟ್ಟುಕೋಲು ಎತ್ತಿಕೊಂಡಳು. “ಇಳಿ. ನಿನ್ನ ಕಾಲು ಹೇಳ್ದಂಗೆ ಮಾಡು.”

ಅಂಗವಿಕಲರ ಸಂಘವೊಂದು ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ಬಿಂದುವಿನ ನೃತ್ಯವಿತ್ತು. ತಾಳ ಹಾಕಲು ಸಂಗೀತದವರು ಬೇರೆ ಇದ್ದುದರಿಂದ ಪ್ರೇಮಲೀಲಾ ಮುಂದಿನ ಸಾಲಿನಲ್ಲಿ ಹೋಗಿ ಕೂತಳು. ಊರುಗೋಲು ಹಿಡಿದ ಕಾರ್ಯಕರ್ತರೊಬ್ಬರು ಬಂದರು.

“ತಪ್ಪು ತಿಳ್ಕೋಬೇಡಿ ಮೇಡಂ, ಈ ಸಾಲು ನಮ್ಮಂಥೋರಿಗೆ ಇಟ್ಟಿದೀವಿ. ನೀವು ಸ್ವಲ್ಪ ಹಿಂದೆ...”

ಸೀರೆ ಎತ್ತಿ ಆಪರೇಷನ್ನಿನ ಗಾಯದ ಕಲೆ ತೋರಿಸಬೇಕೆ? ಮೊದಲು ಹೀಗಿರಲಿಲ್ಲ ಎಂದು ವಿವರಿಸಬೇಕೆ? ಪ್ರೇಮಲೀಲಾ ಎದ್ದು ಹಿಂದಕ್ಕೆ ನಡೆದಳು. ಹಿಂದೆ ಕುರ್ಚಿ ಖಾಲಿಯಿರಲಿಲ್ಲ.

ನಿಂತೇ ನೋಡಿದಳು. ಬಿಂದು ತನಗೆ ಬೇಕಾದ ಕಡೆ ಇಳಿದಳು, ಬೇರೆಯೇ ರೀತಿ ಸುತ್ತಿ ಎದ್ದಳು. ಮುಂದಿನ ಸಾಲಿನವರು ನೆಲಕ್ಕೆ ಊರುಗೋಲು ಕುಟ್ಟಿ ಮೆಚ್ಚಿದರು. ಚೆನ್ನಾಗಿತ್ತು. ತನ್ನದೆಂಬುದು ಅದರಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

ಆಮೇಲೆ ಬಿಂದು ಬೆವರೊರೆಸಿಕೊಳ್ಳುತ್ತಾ ಹುಡುಕಿಕೊಂಡು ಬಂದಳು. “ಎಲ್ಲಿದ್ರಿ ಅಕ್ಕ? ಮುಂದೆ ನೋಡ್ದೆ, ಕಾಣ್ಲೇ ಇಲ್ಲ.”

“ಹಿಂದೆ ಇದ್ದೆ ಕಣಮ್ಮ. ಚೆನ್ನಾಗ್ ಮಾಡ್ದೆ. ನಡಿ, ನಿನ್ನ ಬಸ್ಸು ಹೊರಟ್ಬುಡುತ್ತೆ.”

ಬಿಂದು ತೊಡೆ ಒತ್ತುತ್ತಾ ಮುಂದೆ ನಡೆದಳು. ಪ್ರೇಮಲೀಲಾ ಅವಳ ಚೀಲ ಹೊತ್ತು ಹಿಂದೆ ಹೋದಳು.