ಒಂದು ಗೇಣು ಹೆಚ್ಚಿಗೆ

“ಕತ್ತರಿಸಿ ಬಿಸಾಕಿ ಪೈಪಣ್ಣ. ಭಾವ ಏನು ಎದ್ದು ಬಂದು ಬೈತಾರಾ?” ಎಂದು ವೈರಣ್ಣನ ಬಾಮೈದ ಕಟಿಂಗ್ ಪ್ಲೇಯರನ್ನು ಪೈಪಣ್ಣನ ಮೂಗಿನ ಹತ್ತಿರವೇ ತಂದು ಹಿಡಿದ.

ಪೈಪಣ್ಣ ಅದನ್ನು ಪಕ್ಕಕ್ಕೆ ತಳ್ಳಿದ. ಇಪ್ಪತ್ತಾರು ವರ್ಷ ಒಂದೇ ಶೆಡ್ಡಿನಲ್ಲಿ ಜೊತೆಗೆ ದುಡಿದವನ ವೈರಿಂಗು ಅದು. ಮಾತು ಬಿಟ್ಟು ಹತ್ತೊಂಬತ್ತು ತಿಂಗಳಾಗಿತ್ತು, ನಿಜ. ಆದರೂ ವೈರಣ್ಣ ಎಳೆದ ವೈರಿಗೆ ಕತ್ತರಿ ಹಾಕುವಷ್ಟು ಸಿಟ್ಟು ಅವನಿಗೆ ಯಾವತ್ತೂ ಬಂದಿರಲಿಲ್ಲ.

“ಸ್ಪ್ಯಾನರ್ ಇದೆ ನನ್ನ ಹತ್ರ. ನೀವು ಸ್ವಲ್ಪ ಬೆಳಕು ಬಿಟ್ಟು ನಿಂತ್ಕೊಳ್ಳಿ,” ಎಂದ.

ಆದದ್ದಿಷ್ಟು. ನಿನ್ನೆ ಬೆಳಿಗ್ಗೆ ವೈರಣ್ಣ ಎದ್ದು ಮುಖ ತೊಳೆದು ಕಾಫಿ ಲೋಟ ತೆಗೆದುಕೊಂಡವನು, ಒಂದು ಗುಟುಕೂ ಕುಡಿಯದೆ ಅಡುಗೆಮನೆಯ ಹೊಸ್ತಿಲಲ್ಲೇ ಕುಸಿದ. ಐವತ್ತೈದು ವರ್ಷ. ಒಂದು ದಿನ ಜ್ವರ ಅಂತ ಮಲಗಿದವನಲ್ಲ. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇವತ್ತು ಬೀದಿಯಲ್ಲಿ ವ್ಯಾನು ಬಂದು ನಿಂತಿದೆ, ಜನ ಸೇರಿದ್ದಾರೆ, ಆದರೆ ಶವದ ಪೆಟ್ಟಿಗೆ ಹೊರಗೆ ಬರುವಂತಿಲ್ಲ. ಮನೆಬಾಗಿಲಿಂದ ಗೇಟಿಗೆ ಇರುವುದು ಒಂದೇ ಒಂದು ಓಣಿ. ತಲೆಯ ಮೇಲೆ ಮಹಡಿಯವರ ಮೆಟ್ಟಿಲು, ಎತ್ತಿ ಹಿಡಿದು ದಾಟಿಸುವಂತಿಲ್ಲ. ಓಣಿಯ ಗೋಡೆಗೆ ಅಂಟಿಕೊಂಡು ವೈರಣ್ಣನ ಅಪ್ಪನ ಕಾಲದ ಮೋಟಾರ್ ಸೈಕಲ್ಲು, ಹಿಂದಿನ ಚಕ್ರ ಪಂಕ್ಚರ್ ಅಂಗಡಿಗೆ ಹೋಗಿ, ಇಟ್ಟಿಗೆಗಳ ಮೇಲೆ ನಿಂತಿದೆ. ಮೂರು ಜನ ಸೇರಿ ಎತ್ತಿದರೂ ಆ ಕಬ್ಬಿಣ ಜಪ್ಪಯ್ಯ ಅನ್ನಲಿಲ್ಲ. ಅದರ ಹ್ಯಾಂಡಲ್ಲು ದಾರಿಗೆ ಅಡ್ಡ ಚಾಚಿಕೊಂಡಿದೆ. ಖಾಲಿ ಪೆಟ್ಟಿಗೆಯನ್ನು ಓರೆ ಮಾಡಿ ಹೇಗೋ ಒಳಗೆ ತಂದಿದ್ದರು. ಹೋಗುವಾಗಲೂ ಹಾಗೇ ಒಯ್ಯೋಣ ಎಂದು ಯಾರೋ ಅಂದದ್ದಕ್ಕೆ, ಅಲ್ಲಿಯವರೆಗೆ ತುಟಿ ಬಿಚ್ಚದೆ ಕೂತಿದ್ದ ವೈರಣ್ಣನ ಹೆಂಡತಿ ತಲೆಯೆತ್ತಿ, “ಅವರೇನು ಬೀರುವಾ?” ಎಂದು ಕೇಳಿದ್ದಳು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಹಾಗಾಗಿ ಹ್ಯಾಂಡಲ್ ಬಿಚ್ಚಬೇಕು, ಬಿಚ್ಚಲು ಪೈಪಣ್ಣನೇ ಆಗಬೇಕು. ಅವನು ಬೆಳಿಗ್ಗೆಯಿಂದ ಗೇಟಿನ ಹೊರಗೆ ನಿಂತಿದ್ದ. ಒಳಗೆ ಹೋಗಿ ಮುಖ ನೋಡುವ ಧೈರ್ಯ ಬಂದಿರಲಿಲ್ಲ. ಅತ್ತಿಗೆ ಎಂದೇ ಅವನು ಕರೆಯುತ್ತಿದ್ದ ವೈರಣ್ಣನ ಹೆಂಡತಿ ಒಂದು ಸಲ ಕಣ್ಣೆತ್ತಿ ನೋಡಿದವಳು, ಗುರುತೇ ಇಲ್ಲದವರ ಹಾಗೆ ಮುಖ ತಿರುಗಿಸಿಕೊಂಡಿದ್ದಳು. ಸ್ಪ್ಯಾನರ್ ಕೈಗೆ ಬಂದಮೇಲೆ ಜೀವ ಕೊಂಚ ಹಗುರಾಯಿತು. ಕೆಲಸ ಇದ್ದರೆ ಅವನು ಯಾರ ಮನೆಯಲ್ಲಾದರೂ ನಿಲ್ಲಬಲ್ಲ.

ಕ್ಲಾಂಪಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಡಗೈಯಲ್ಲಿ ಹ್ಯಾಂಡಲನ್ನು ಹಿಡಿದ. ಹಿಡಿದವನು ಹಾಗೇ ನಿಂತುಬಿಟ್ಟ.

ಈ ಪೈಪು ಅವನಿಗೆ ಗೊತ್ತು. ಈ ಬಗ್ಗು ಅವನೇ ಬಗ್ಗಿಸಿದ್ದು.

*

ನಾಲ್ಕು ತಿಂಗಳ ಹಿಂದೆ ಬಿಡಿಭಾಗದ ಅಂಗಡಿಯವನು ಒಂದು ರಟ್ಟಿನ ಮೇಲೆ ಬರೆದ ಅಳತೆ ಹಿಡಿದುಕೊಂಡು ಶೆಡ್ಡಿಗೆ ಬಂದಿದ್ದ. ಹಳೇ ಗಾಡಿಗೆ ಒಂದು ಹ್ಯಾಂಡಲ್ ಆಗಬೇಕು, ಗಿರಾಕಿ ದೂರದವನು ಎಂದ. ಪೈಪಣ್ಣ ರಟ್ಟನ್ನು ಉದ್ದಕ್ಕೆ ಅಡ್ಡಕ್ಕೆ ತಿರುಗಿಸಿ ನೋಡಿದ. ಬಲಗಡೆ ಹಿಡಿ ಮೋಟುದ್ದ. ಎಡಗಡೆಯದು ನಾಲ್ಕು ಬೆರಳು ಹಿಂದಕ್ಕೆ, ಮೈ ಹತ್ತಿರಕ್ಕೆ ಬಂದಿದೆ. ವೈರು ನುಗ್ಗಿಸಲು ತೂತುಗಳು ಎಡಕ್ಕೆ ಮಾತ್ರ, ಬಲಕ್ಕೆ ಒಂದೂ ಇಲ್ಲ.

“ಯಾವ ಪುಣ್ಯಾತ್ಮನಪ್ಪ ಇವನು? ಗಾಡಿ ಓಡಿಸ್ತಾನೋ, ಇಲ್ಲ ಒಂದೇ ಕೈಲಿ ಮಗು ಎತ್ಕೊಂಡು ಹೋಗ್ತಾನೋ?”

“ನಿನಗ್ಯಾಕೆ? ಬಗ್ಗಿಸಿ ಕೊಡು ಮಾರಾಯ.”

ಪೈಪಣ್ಣ ಬಗ್ಗಿಸಿದ. ಮಧ್ಯಾಹ್ನ ಊಟ ಮಾಡುವಾಗ ಪಕ್ಕದ ಪೇಂಟರಿಗೆ ಅದನ್ನು ತೋರಿಸಿ, ಸೊಟ್ಟ ಕೈಯವನ ಸೊಟ್ಟ ಹ್ಯಾಂಡಲ್ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಒಯ್ಯಲು ಬಂದ ಅಂಗಡಿಯವನು ಮಾತ್ರ ನಗಲಿಲ್ಲ. ಹ್ಯಾಂಡಲನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋದ.

*

ಅದೇ ಅಂಗಡಿಯವನು ಈಗ ಓಣಿಯ ಬಾಯಲ್ಲಿ ನಿಂತಿದ್ದ. ಪೈಪಣ್ಣ ತಿರುಗಿ ನೋಡಿದ. ಅವನು ನೆಲ ನೋಡತೊಡಗಿದ.

“ದೂರದ ಗಿರಾಕಿ ಅಂದಿದ್ದೆ.”

“ಹಂಗೇ ಹೇಳು ಅಂತ ವೈರಣ್ಣನೇ ಅಂದಿದ್ರು ಪೈಪಣ್ಣ. ಬೇರೆಯವರ ಹತ್ರ ಮಾಡಿಸ್ತೀನಿ ಅಂದ್ರೆ ಕೇಳ್ಲಿಲ್ಲ. ಅವನ ಬಗ್ಗು ಬೇರೆಯವರಿಗೆ ಬರಲ್ಲ ಅಂದ್ರು.”

ಪೈಪಣ್ಣ ಮುಂದಿನ ದೀಪದ ಸ್ಕ್ರೂ ಸಡಿಲಿಸಿ, ಗಾಜಿನ ಮುಖ ತೆಗೆದು, ಅದರ ತಗಡಿನ ಬುರುಡೆಯೊಳಗೆ ಬಗ್ಗಿ ನೋಡಿದ. ವೈರುಗಳು ಹೊಸೆದು, ದಾರ ಸುತ್ತಿ, ಜಡೆ ಹಾಕಿದ ಹಾಗೆ ಮಲಗಿದ್ದವು. ಬೆರಳಲ್ಲಿ ಒಂದೊಂದನ್ನೇ ಹಿಂಬಾಲಿಸಿದ. ಹಾರ್ನಿನದು ಎಡಕ್ಕೆ ಹೋಯಿತು. ದೀಪದ್ದೂ ಎಡಕ್ಕೆ. ಇಂಜಿನ್ ಆರಿಸುವ ಗುಂಡಿ, ಬಲಗಡೆ ಇರಬೇಕಾದದ್ದು, ಅದೂ ಎಡಕ್ಕೆ. ಆಕ್ಸಿಲೇಟರ್ ಕೇಬಲ್ಲು ಕೂಡ ಟ್ಯಾಂಕಿನ ಕೆಳಗೆ ಸುತ್ತು ಹೊಡೆದು ಎಡಕ್ಕೇ ಬಂದಿತ್ತು. ಮುಂದಿನ ಬ್ರೇಕನ್ನು ಕಾಲಿನ ಬ್ರೇಕಿಗೇ ಜೋಡಿಸಿದ್ದ. ಬಲಗಡೆಯ ಹಿಡಿಯಲ್ಲಿ ಇದ್ದದ್ದು ಒಂದೇ, ಮಣಿಕಟ್ಟು ತೂರಿಸುವಷ್ಟಗಲದ ಚರ್ಮದ ಕುಣಿಕೆ. ಒಳಗಡೆ ಬಟ್ಟೆ ಇಟ್ಟು ಹೊಲಿದಿತ್ತು.

ಬಾಮೈದ ಇಣುಕಿ ನೋಡಿದ. “ಇದ್ಯಾಕೆ ಹಿಂಗಿದೆ? ತಪ್ಪು ಮಾಡಿದಾರಾ ಭಾವ?”

“ವೈರಣ್ಣ ತಪ್ಪು ಮಾಡಲ್ಲ,” ಎಂದ ಪೈಪಣ್ಣ. ಹತ್ತೊಂಬತ್ತು ತಿಂಗಳ ಹಿಂದೆ, ಗಿರಾಕಿಯ ಎದುರಿಗೆ, ಇದೇ ಬಾಯಿ ಬೇರೆ ಮಾತಾಡಿತ್ತು.

*

ಅವರ ಶೆಡ್ಡಿನಲ್ಲಿ ಒಂದು ರೂಢಿಯಿತ್ತು. ಹಿಂಭಾಗ ಪೈಪಣ್ಣನದು, ಬಗ್ಗಿಸುವುದು, ಬೆಸೆಯುವುದು. ಮುಂಭಾಗ ವೈರಣ್ಣನದು. ವೈರಿಂಗ್ ಮುಗಿಯಿತು ಎಂದರೆ ಅವನು ಹಾರ್ನನ್ನು ಒಂದೇ ಒಂದು ಸಲ ಚಿಕ್ಕದಾಗಿ ಒತ್ತುತ್ತಿದ್ದ. ಹಿಂದಿನಿಂದ ಪೈಪಣ್ಣ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಪೈಪಿಗೆ ಟಣ್ ಎಂದು ಒಂದು ಬಡಿಯುತ್ತಿದ್ದ. ಆಮೇಲೇ ಗಾಡಿ ಶೆಡ್ಡಿನಿಂದ ಹೊರಗೆ. ಯಾರು, ಯಾವತ್ತು ಶುರು ಮಾಡಿದರೋ ಇಬ್ಬರಿಗೂ ನೆನಪಿರಲಿಲ್ಲ.

ವೈರಣ್ಣನಿಗೆ ತನ್ನದೇ ಇನ್ನೊಂದು ಚಾಳಿ. ಯಾವ ವೈರನ್ನೇ ಎಳೆಯಲಿ, ಒಂದು ಗೇಣು ಹೆಚ್ಚಿಗೆ ಬಿಟ್ಟು ಬುರುಡೆಯೊಳಗೆ ಸುತ್ತಿಡುತ್ತಿದ್ದ. ದಂಡ ಕಣೋ ಎಂದರೆ, “ನಾಳೆ ಬಿಚ್ಚೋನು ನನ್ನ ಬೈಕೋಬಾರ್ದು,” ಎನ್ನುತ್ತಿದ್ದ.

ಕೊನೆಕೊನೆಗೆ ಅವನು ಸ್ಕ್ರೂಡ್ರೈವರ್ ಬೀಳಿಸತೊಡಗಿದ. ವೈರನ್ನು ಹಲ್ಲಿನಲ್ಲಿ ಸುಲಿಯುತ್ತಿದ್ದ. “ಊಟಕ್ಕೆ ಹಲ್ಲು, ವೈರಿಗೆ ಪ್ಲೇಯರ್ ಕಣೋ,” ಎಂದು ಪೈಪಣ್ಣ ಕಿಚಾಯಿಸುತ್ತಿದ್ದ. ಒಂದು ದಿನ ಗಿರಾಕಿಯ ಗಾಡಿಯಲ್ಲಿ ಸಡಿಲ ಬಿಟ್ಟ ಜೋಡಣೆಯಿಂದ ಹೊಗೆ ಎದ್ದಿತು. ಸೀಟು ಸುಟ್ಟಿತು. ಪೈಪಣ್ಣ ಹಿಂದೆ ಮುಂದೆ ನೋಡದೆ ಕೂಗಾಡಿದ. “ನಿನ್ನೆ ಮೊನ್ನೆ ಕೆಲಸ ಕಲಿತವನೂ ಇಂಥಾ ತಪ್ಪು ಮಾಡಲ್ಲ! ಮನಸ್ಸಿಲ್ಲದಿದ್ರೆ ಮನೇಲಿರು!”

ಸಂಜೆ ವೈರಣ್ಣ ತನ್ನ ಸಲಕರಣೆ ಡಬ್ಬಿ ಎತ್ತಿಕೊಂಡು, “ಇನ್ನು ನನ್ನಿಂದ ಆಗಲ್ಲ ಕಣೋ,” ಎಂದ. ಪೈಪಣ್ಣನಿಗೆ ಅಷ್ಟರಲ್ಲಿ ಸಿಟ್ಟಿಳಿದಿತ್ತು. ಬಾಗಿಲಿಗೆ ಅಡ್ಡ ನಿಂತು, ಆದದ್ದಾಯಿತು ಬಿಡು ಎಂದು ಕೈ ಚಾಚಿದ. ವೈರಣ್ಣ ಆ ಕೈಯನ್ನು ನೋಡಿದ. ತನ್ನ ಬಲಗೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಪಕ್ಕದಿಂದ ದಾಟಿ ಹೋದ. ಚಾಚಿದ ಕೈಯನ್ನು ಮಡಿಸಿಕೊಂಡವನು ಪೈಪಣ್ಣ. ಆ ಅವಮಾನವನ್ನು ಹತ್ತೊಂಬತ್ತು ತಿಂಗಳು ಅನ್ನದ ಜೊತೆ ಉಂಡಿದ್ದ.

*

“ಇನ್ನೂ ಎಷ್ಟೊತ್ತು?” ಅತ್ತಿಗೆ ಬಾಗಿಲಿಗೆ ಬಂದು ನಿಂತಿದ್ದಳು.

ಪೈಪಣ್ಣ ಚರ್ಮದ ಕುಣಿಕೆಯನ್ನು ಮುಟ್ಟಿ ತೋರಿಸಿದ. “ಅತ್ತಿಗೆ, ಅವನ ಕೈಗೆ ಏನಾಗಿತ್ತು?”

ಅವಳು ಅವನನ್ನೇ ದಿಟ್ಟಿಸಿದಳು. “ಏನಾಗಿತ್ತು ಅಂತ ನನ್ನ ಕೇಳ್ತೀರಾ? ಕತ್ತಿನ ನರ. ಕಿರುಬೆರಳಿಂದ ಶುರುವಾಗಿ ಒಂದೊಂದೇ ಬೆರಳು ಸತ್ತುಹೋಯ್ತು. ಗೊತ್ತಿದ್ದೂ ಒಂದು ದಿನ ಈ ಕಡೆ ತಲೆ ಹಾಕ್ಲಿಲ್ಲವಲ್ಲ ನೀವು.”

“ನನಗೆ ಗೊತ್ತಿರ್ಲಿಲ್ಲ.”

“ಸುಳ್ಳು. ಅವನಿಗೆ ಎಲ್ಲಾ ಹೇಳಿದೀನಿ ಅಂದಿದ್ರು. ಹ್ಯಾಂಡಲ್ ಬಂದ ದಿನ, ನೋಡೇ, ಅವನೇ ಬಗ್ಗಿಸಿ ಕಳ್ಸಿದಾನೆ ಅಂತ ಮನೆಯೆಲ್ಲಾ ಹೊತ್ಕೊಂಡು ತಿರುಗಿದ್ರು.”

“ನಾನು ಬಗ್ಗಿಸಿದ್ದು ನಿಜ. ಯಾರಿಗೆ ಅಂತ ಗೊತ್ತಿರ್ಲಿಲ್ಲ ಅತ್ತಿಗೆ. ದೇವರಾಣೆಗೂ ಗೊತ್ತಿರ್ಲಿಲ್ಲ.”

ಅವಳು ಅಂಗಡಿಯವನ ಕಡೆ ನೋಡಿದಳು. ಅವನು ತಲೆಯಾಡಿಸಿದ. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಹತ್ತೊಂಬತ್ತು ತಿಂಗಳಿಂದ ಈ ಮನುಷ್ಯನನ್ನು ಕಲ್ಲೆದೆಯವನು ಎಂದು ಬೈದುಕೊಂಡಿದ್ದಳು, ಗಂಡನ ಎದುರಿಗೇ ಬೈದಿದ್ದಳು. ಗಂಡ ಬರೀ ಮುಗುಳ್ನಕ್ಕಿದ್ದ.

“ಯಾಕೆ ಹಿಂಗೆ ಮಾಡಿದ್ರು?” ಎಂದಳು, ತನಗೇ ಕೇಳಿಸುವಷ್ಟು ಮೆಲ್ಲಗೆ. ಆಮೇಲೆ ಅವಳೇ ಅಂದಳು, “ಅವನು ಬೈದ್ರೆ ತಡ್ಕೊಳ್ತೀನಿ, ಅಯ್ಯೋ ಪಾಪ ಅಂದ್ರೆ ತಡ್ಕೊಳ್ಳೋಕಾಗಲ್ಲ ಅಂದಿದ್ರು ಒಂದ್ಸಲ. ನನಗೆ ಅರ್ಥ ಆಗಿರ್ಲಿಲ್ಲ.”

ಬೋಲ್ಟು ಸುತ್ತುತ್ತಿದ್ದ ಪೈಪಣ್ಣನ ಕೈ ಜಾರಿ, ಗೆಣ್ಣು ಟ್ಯಾಂಕಿಗೆ ತಾಗಿ ರಕ್ತ ಬಂತು. ಅವನಿಗೆ ತಿಳಿಯಲೂ ಇಲ್ಲ.

“ಮೊನ್ನೆ ಸಂಜೆ ಎಲ್ಲಾ ಮುಗೀತು ಅಂದ್ರು,” ಅವಳು ಹೇಳುತ್ತಲೇ ಇದ್ದಳು. “ಒಂದೇ ಕೈಯಲ್ಲಿ, ಮೂರು ತಿಂಗಳು. ಹಾರ್ನ್ ಒತ್ತಿ ನೋಡಿ ಅಂದೆ. ಬೇಡ, ಭಾನುವಾರ ಅವನನ್ನ ಕರೀತೀನಿ, ಅವನು ಬಂದಾಗ ಒತ್ತೋಣ ಅಂದ್ರು.”

ಇವತ್ತು ಶುಕ್ರವಾರ.

ಕ್ಲಾಂಪು ಕಳಚಿತು. ಎರಡು ಕೇಬಲ್ಲುಗಳನ್ನು ಬಿಚ್ಚಿದ. ಇನ್ನು ವೈರುಗಳು. ಬುರುಡೆಯೊಳಗೆ ಬೆರಳು ಹಾಕಿ ದಾರದ ಗಂಟು ಬಿಡಿಸಿದ. ಸುತ್ತಿಟ್ಟ ವೈರು ಸರಸರನೆ ಬಿಚ್ಚಿಕೊಂಡು ಬಂತು. ಅಳತೆ ಮಾಡಿ ಇಟ್ಟಂತೆ ಒಂದು ಗೇಣು. ಒಂದೇ ಒಂದು ವೈರನ್ನೂ ಕತ್ತರಿಸಬೇಕಾಗಿ ಬರಲಿಲ್ಲ. ಆದರೆ ಹ್ಯಾಂಡಲನ್ನು ಇಡಲು ಜಾಗವಿಲ್ಲ, ಬಿಟ್ಟರೆ ಅದರ ಭಾರಕ್ಕೇ ಎಲ್ಲ ಕಿತ್ತು ಬರುತ್ತದೆ. ಪೈಪಣ್ಣ ಗಾಡಿಯ ಮೇಲೆ ಹತ್ತಿ ಕೂತ. ಹ್ಯಾಂಡಲನ್ನು ನೆಟ್ಟಗೆ ನಿಲ್ಲಿಸಿ ಎದೆಗೆ ಒತ್ತಿ ಹಿಡಿದ. ಎಡಗೈ ಮೇಲಿನ ಹಿಡಿಗೆ ಬಂತು. ಬಲಗೈಗೆ ಬೇರೆ ಆಧಾರ ಸಿಗದೆ ಕುಣಿಕೆಯೊಳಗೆ ತೂರಿಸಿದ. ಸೊರಗಿದ ಕೈಗೆ ಹೊಲಿದದ್ದು, ಅವನ ದಪ್ಪ ಮಣಿಕಟ್ಟಿಗೆ ಬಿಗಿಯಾಯಿತು.

“ಬನ್ನಿ,” ಎಂದ.

ಪೆಟ್ಟಿಗೆ ಬಾಗಿಲು ದಾಟಿತು. ಮುಂದೆ ಬಾಮೈದ ಮತ್ತು ಇನ್ನೊಬ್ಬ, ಹಿಂದೆ ಇಬ್ಬರು, ಅವರ ಹಿಂದೆ ಅತ್ತಿಗೆ.

“ಒಬ್ಬರು ಕಡಿಮೆ ಇದೀವಿ, ಕೈ ಕೊಡಿ ಪೈಪಣ್ಣ,” ಎಂದು ಹಿಂದಿನಿಂದ ಯಾರೋ ಏದುಸಿರಲ್ಲಿ ಕರೆದರು.

“ಬಿಡೋ ಹಾಗಿಲ್ಲಪ್ಪ,” ಎಂದ.

ಪೆಟ್ಟಿಗೆ ಅವನ ಮೊಣಕಾಲನ್ನು ಸವರಿಕೊಂಡು ಬಂತು. ಸರಿಯಾಗಿ ಪಕ್ಕಕ್ಕೆ ಬಂದಾಗ ಅವನ ಎಡಗೈ ಹೆಬ್ಬೆರಳು ತಾನೇ ತಡಕಾಡಿ ಗುಂಡಿಯನ್ನು ಹುಡುಕಿತು. ಒತ್ತಿದ.

ಹಾರ್ನು ಕೂಗಿತು. ಒಂದೇ ಸಲ, ಚಿಕ್ಕದಾಗಿ, ತಪ್ಪಿಲ್ಲದೆ.

ಹೊತ್ತವರು ಬೆಚ್ಚಿ ನಿಂತರು. ಬೀದಿಯಲ್ಲಿ ಮಾತು ನಿಂತಿತು. ಪೈಪಣ್ಣ ಕಾದ. ಹಿಂದಿನಿಂದ ಏಟು ಕೇಳಬೇಕಿತ್ತು. ಕೇಳಲಿಲ್ಲ. ಅದನ್ನು ಬಡಿಯುವವನು ತಾನೇ ಎಂಬುದು ಆಮೇಲೆ ಹೊಳೆಯಿತು.

“ಏನಿದು ಪೈಪಣ್ಣ, ಹೊತ್ತು ಗೊತ್ತು ಇಲ್ವಾ?” ಬಾಮೈದ ರೇಗಿದ.

“ತಾಳೋ,” ಎಂದಳು ಅತ್ತಿಗೆ.

ಪೈಪಣ್ಣ ಹ್ಯಾಂಡಲನ್ನು ಗಲ್ಲಕ್ಕೂ ಭುಜಕ್ಕೂ ಸಿಕ್ಕಿಸಿಕೊಂಡ. ಬಲಗೈಯನ್ನು ಕುಣಿಕೆಯಿಂದ ಎಳೆದ. ಬರಲಿಲ್ಲ. ಚರ್ಮ ತರಚಿ, ಎರಡನೆಯ ಸಲ ಬಂತು. ಅಂಗಿ ಜೇಬಿನಿಂದ ಸ್ಪ್ಯಾನರ್ ತೆಗೆದು, ತಾನು ಬಗ್ಗಿಸಿದ ಬಗ್ಗಿಗೇ ಒಂದು ಬಡಿದ.

ಟಣ್.

ಆಮೇಲೇ ಪೆಟ್ಟಿಗೆ ಗೇಟು ದಾಟಿತು.