ಇಳಿಸದ ಕೈ

ಫ್ಯಾನು ಈ ಕಡೆ ತಿರುಗಿದಾಗಲೆಲ್ಲ ಗೋಡೆಯ ಮೇಲಿನ ನೀರಿನ ಕೊಳವೆಗಳ ನಕ್ಷೆ ಒಂದು ಮೂಲೆಯಲ್ಲಿ ಎದ್ದು ಬೀಳುತ್ತದೆ, ಏಳುವುದು ಮೇಲಿನ ಬೀದಿಯ ಮೂಲೆಯೇ, ಮೊಳೆ ಕಿತ್ತುಹೋಗಿದೆ, ಬೇರೆ ಹೊಡೆಯಬೇಕು — ಆದರೆ ಮೊದಲು ಇದು, ಈ ತೆರೆ, ತೆರೆಯ ಮೇಲೆ ಮತ್ತೆ ಅದೇ ಸಾಲು: ಒತ್ತಡದ ಲೆಕ್ಕ ಎಲ್ಲಿಯೂ ಸಿಗಲಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಇಷ್ಟು ವರ್ಷ ಸಿಗುತ್ತಿದ್ದದ್ದು ಹೊಸದರಲ್ಲಿ ಎಲ್ಲಿಗೆ ಹೋಯಿತು, ಕಾಲು ಬಂದು ನಡೆದುಹೋಯಿತೆ? ಪಂಪುಗಳನ್ನು ನಡೆಸುವ ಪ್ರೋಗ್ರಾಂ ಅವಳದು, ಅವಳೇ ಕೂತು ಬರೆದದ್ದು. ಒತ್ತಡದ ಲೆಕ್ಕವೊಂದೇ ಎರವಲು, ಬೇರೆ ಯಾರೋ ಬರೆದು ಕಟ್ಟಿಟ್ಟ ಸಿದ್ಧ ಲೆಕ್ಕಗಳ ಗಂಟು, ಲೈಬ್ರರಿಯೊಂದರಿಂದ ಬರುವಂಥದು, ಯಾವ ಲೈಬ್ರರಿ ಎಂಬುದು ಮಾತ್ರ ಮರೆತಿದೆ, ಮತ್ತು ಗಾಜಿನ ಆಚೆ ಮುಖ್ಯಸ್ಥರು ಪೆನ್ನಿನ ಮುಚ್ಚಳ ತೆಗೆಯುತ್ತಾರೆ, ಹಾಕುತ್ತಾರೆ, ತೆಗೆಯುತ್ತಾರೆ. ಸಂಜೆಯೊಳಗೆ ನಿಮ್ಮದು ಓಡಿದ್ರೆ ಸರಿ ಮೇಡಂ, ಇಲ್ಲಾಂದ್ರೆ ನಾನು ಸಹಿ ಹಾಕಲೇಬೇಕು, ನನ್ನ ತಲೆ ಮೇಲೂ ಜನ ಇದ್ದಾರೆ. ಅವರ ಎದುರಿಗೆ ಟೈ, ಹೊಸ ಪ್ರೋಗ್ರಾಂ ಮಾರಲು ಬಂದವನು, ಅವಳು ಮನಸ್ಸಿನಲ್ಲಿ ಇಟ್ಟ ಹೆಸರು ಅದೇ, ಆಳಿಗಿಂತ ಟೈಯೇ ಉದ್ದ. ಹಳೇದರ ಜೊತೆ ಯಾಕೆ ಗುದ್ದಾಡ್ತೀರಿ ಮೇಡಂ, ನಮ್ದು ಬಂದ್ರೆ ಕಾಲು ಚಾಚಿ ಕೂತ್ಕೋಬಹುದು. ಮೇಲಿನ ಬೀದಿಗೆ ನೀರು? ಅದು ಎತ್ತರ ಅಲ್ವಾ, ಕರೆಂಟು ತಿನ್ನುತ್ತೆ, ನಮ್ಮ ಪ್ರೋಗ್ರಾಂ ಅದನ್ನ ಕೊನೆಗೆ ಇಡುತ್ತೆ. ಕೊನೆಗೆ ಎಂದರೆ ಇಲ್ಲವೆಂದೇ, ಆ ಲೆಕ್ಕ ಅವಳಿಗೆ ಬಾಯಿಪಾಠ; ಮದುವೆಯಾಗಿ ಆ ಬೀದಿಗೆ ಬಂದಾಗ ಅತ್ತೆ ಕೊಡ ಹೊತ್ತು ಮೆಟ್ಟಿಲು ಹತ್ತುತ್ತ, ನೀರಿಗೂ ನನ್ನ ಹಾಗೇ ಮಂಡಿನೋವು ಕಣೇ, ಮೇಲೆ ಹತ್ತೋಕೆ ಒಲ್ಲೆ ಅನ್ನುತ್ತೆ. ಆ ವರ್ಷವೇ ಪ್ರೋಗ್ರಾಂ ಬರೆದಳು, ಮೇಲಿನ ಬೀದಿ ಮೊದಲು. ನಿಮ್ಮನ್ನ ಯಾರು ಕೇಳಿದ್ರು, ಎಂದಿದ್ದರು ಆಗಿನ ಮುಖ್ಯಸ್ಥರು. ಯಾರೂ ಕೇಳಲಿಲ್ಲ ಸರ್, ನೀರು ಹತ್ತಿದೆ, ಹೋಗಿ ನೋಡಿ.

ಕೇಳುವುದಕ್ಕೆ ಮೊದಲೇ ಕೈ ಎತ್ತುವುದು ಹುಟ್ಟುಗುಣ. ತರಗತಿಯಲ್ಲಿ ಅಪ್ಪನೇ ಗಣಿತದ ಮೇಷ್ಟ್ರು, ಹಲಗೆಯ ಕಡೆ ತಿರುಗಿದ್ದರೂ ಬೆನ್ನಿಗೇ ಕಣ್ಣು, ನಾನಿನ್ನೂ ಪ್ರಶ್ನೆ ಕೇಳೇ ಇಲ್ಲವಲ್ಲಮ್ಮ, ಕೈ ಇಳಿಸು. ಇಳಿಸಲಿಲ್ಲ. ಹಿಂದಿನ ಸಾಲು ನಕ್ಕಿತು, ತೋಳು ಸೋತು ನಡುಗಿತು, ಸೀಮೆಸುಣ್ಣದ ಧೂಳಿನಲ್ಲಿ ಆ ಕೈ ಒಂಟಿಯಾಗಿ — ಇರಲಿ, ಈಗ ಲೈಬ್ರರಿ. ಊಹೆ ಸಾಕು, ಒಂದೊಂದನ್ನೂ ಬಿಚ್ಚಿ ಒಳಗಿರುವ ಹೆಸರುಗಳನ್ನೆಲ್ಲ ಓದಿಸುತ್ತಾಳೆ, ಇದರಲ್ಲಿಲ್ಲ, ಇದರಲ್ಲೂ ಇಲ್ಲ, ಇದರಲ್ಲಿ — ಇದೆ. ಒತ್ತಡದ ಲೆಕ್ಕ, ಅಕ್ಷರ ಬಿಡದೆ ಅದೇ ಹೆಸರು. ಆದರೆ ಈ ಲೈಬ್ರರಿಯನ್ನು ಬೆಳಿಗ್ಗೆಯೇ ಜೋಡಿಸಬೇಕಾದವುಗಳ ಪಟ್ಟಿಗೆ ಸೇರಿಸಿ ನೋಡಿದ್ದಳು, ಸಿಗಲಿಲ್ಲವೆಂದೇ ಬಂತು, ತೆಗೆದು ಬಿಸಾಡಿದಳು. ಇರುವುದನ್ನು ಇಲ್ಲವೆನ್ನುತ್ತದೆಯೆ ಈ ಯಂತ್ರ? ಸೋತ್ರಾ ಮೇಡಂ, ಗಾಜಿನ ಬಾಗಿಲಲ್ಲಿ ಟೈ. ನಿಮ್ಮ ಕಾಫಿ ಆರಿಹೋಗುತ್ತೆ ನೋಡಿ, ಎಂದಳು, ತಲೆ ಎತ್ತದೆ. ಅಪ್ಪ ಏನೆನ್ನುತ್ತಿದ್ದರು, ಕೂಡುವಾಗ ಯಾವುದು ಮೊದಲಾದರೂ ಒಂದೇ, ಕಳೆಯುವಾಗ ಹಾಗಲ್ಲಮ್ಮ. ಕ್ರಮ. ಬೆಳಿಗ್ಗೆ ಅದನ್ನು ಎಲ್ಲಿಟ್ಟಿದ್ದಳು? ಎಲ್ಲಕ್ಕಿಂತ ಮೊದಲು, ತನ್ನ ಪ್ರೋಗ್ರಾಂಗಿಂತಲೂ ಮೊದಲು, ಮುಖ್ಯವಾದದ್ದು ಮೊದಲಿರಬೇಕೆಂಬ ಅದೇ ಹಠದಿಂದ. ಪ್ರೋಗ್ರಾಮನ್ನೂ ಲೈಬ್ರರಿಗಳನ್ನೂ ಜೋಡಿಸುವ ಯಂತ್ರವೋ ಪಟ್ಟಿಯನ್ನು ಒಂದೇ ಸಲ ಓದುತ್ತದೆ, ಒಂದೊಂದು ಲೈಬ್ರರಿಯ ಬಾಗಿಲು ತೆರೆದು ಅಲ್ಲಿಯವರೆಗೆ ಯಾರಾದರೂ ಕೇಳಿದ್ದನ್ನು ಮಾತ್ರ ಎತ್ತಿಕೊಂಡು ಮುಂದೆ ಹೋಗುತ್ತದೆ, ಹಿಂದಕ್ಕೆ ತಿರುಗುವುದಿಲ್ಲ; ಹಳೆಯದು ದಾಕ್ಷಿಣ್ಯದ ಯಂತ್ರ, ಇನ್ನೊಂದು ಸುತ್ತು ಬರುತ್ತಿತ್ತು. ಬಾಗಿಲು ತೆರೆದಾಗ ಯಾರೂ ಕೇಳಿರಲಿಲ್ಲ, ಅಷ್ಟೇ. ಒಳಗೆ ಕೈ ಎತ್ತಿಯೇ ಇತ್ತು. ಕೇಳುವುದು ಮೊದಲು, ಕೊಡುವುದು ಅದರ ಹಿಂದೆ — ಲೈಬ್ರರಿಯ ಹೆಸರನ್ನು ಪಟ್ಟಿಯ ಕೊನೆಗೆ ಒಯ್ದಳು, ಕೊನೆ ಎಂಬ ಮಾತು ಹಿಡಿಸದಿದ್ದರೂ ಒಯ್ದಳು, ಬೀದಿ ಮೊದಲೇ ಇರಲಿ, ಇದು ಕೊನೆಗಿರಲಿ, ಗುಂಡಿ ಒತ್ತಿದಳು. ತೆರೆಯ ಮೇಲೆ ಆ ಸಾಲು ಬರಲಿಲ್ಲ. ಮತ್ತೊಮ್ಮೆ ಒತ್ತಿದಳು, ಆಗಲೂ ಇಲ್ಲ, ಗೋಡೆಯ ಆಚೆ ಪಂಪು ಗುರ್ ಎಂದು ಎದ್ದಿತು, ಒತ್ತಡದ ಮುಳ್ಳು ಏರತೊಡಗಿತು.

ಎದ್ದು ಹೋಗಿ ಗಾಜಿನ ಬಾಗಿಲು ತಳ್ಳುತ್ತಾಳೆ, ಮುಚ್ಚಳ ಈ ಸಲ ಮೇಜಿನ ಮೇಲಿದೆ, ಪೆನ್ನು ಕಾಗದದ ಹತ್ತಿರ, ಮುಖ್ಯಸ್ಥರು ತಲೆ ಎತ್ತದೆ, ಮುಗಿಸೋಣ, ಯಾರಿಗಾದರೂ ಏನಾದರೂ ಹೇಳೋದಿದೆಯಾ, ಕೇಳಬೇಕಲ್ಲ ಎಂದು ಕೇಳುವ ದನಿ, ಟೈ ಆಗಲೇ ಇಲ್ಲವೆಂದು ತಲೆಯಾಡಿಸುತ್ತಿದ್ದಾನೆ — ಕೇಳಿದರಲ್ಲ, ಇಷ್ಟು ವರ್ಷಕ್ಕೆ ಕೇಳಿದರಲ್ಲ — ಹಲಗೆ, ಧೂಳು, ಹಿಂದಿನ ಸಾಲಿನ ನಗು, ಅಪ್ಪ ಇಡೀ ತರಗತಿಯನ್ನು ಕೇಳಿ ಮುಗಿಸಿ ಕೊನೆಗೆ ಇತ್ತ ತಿರುಗಿದಾಗ, ನಡುಗುತ್ತ, ಅಲ್ಲೇ, ಇನ್ನೂ, ಆ ಕೈ.