ಐದೂವರೆ ತಾಸು

ಸಲಿಕೆಯ ಮೊದಲ ಏಟು ಬಿದ್ದಾಗ ಕನಕರಾಜ ಇನ್ನೂ ಬೈಕಿನ ಸ್ಟ್ಯಾಂಡ್ ಹಾಕುತ್ತಿದ್ದ. ಬಿದ್ದದ್ದು ಕಬ್ಬಿಣವಲ್ಲ, ಕಟ್ಟಿಗೆಯ ಕಾವು. ಆದರೂ ಮೈಲಪ್ಪನ ಕಿವಿಯ ಮೇಲಿನ ಚರ್ಮ ಸೀಳಿ, ರಕ್ತ ಕತ್ತಿನಗುಂಟ ಇಳಿದು ಬನಿಯನ್ನಿಗೆ ಮುಟ್ಟಿತು. ಅರವತ್ತು ದಾಟಿದ ಮನುಷ್ಯ ಬೀಳಲಿಲ್ಲ. ಒಂದು ಕೈಯಲ್ಲಿ ಕಿವಿ ಒತ್ತಿಕೊಂಡು, ಇನ್ನೊಂದರಲ್ಲಿ ಕಾಲುವೆ ತೂಬಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದೇ ನಿಂತ.

"ಬಿಡಲೇ ಮುದಿಯಾ," ಎಂದ ಉಡಚಪ್ಪ. ಮೂವತ್ತೈದರ ಗಟ್ಟಿ ಆಳು, ಪಕ್ಕದ ಹೊಲದವನು. "ನನ್ನ ಪಾಳಿ ಐತಿ. ನಾನೇನ್ ಭಿಕ್ಷೆ ಬೇಡಾಕತ್ತೇನೇನ?"

"ನಿನ್ನ ಪಾಳಿ ಮಧ್ಯಾಹ್ನಕ್ಕ ಐತಿ. ಚಂದ್ರಪ್ಪ ಚೀಟಿ ಬರದು ಕೊಟ್ಟಾನ. ನಿನಗ ಓದಾಕ ಬರತೈತಲ್ಲ, ಓದು," ಎಂದ ಮೈಲಪ್ಪ.

"ಚೀಟಿ ಒಲಿಯಾಗ ಹಾಕು. ಇಲ್ಲಿ ಪೋನಿನ್ಯಾಗ ನನ್ನ ಹೆಸರು ಐತಿ, ಹಸರ ಅಕ್ಷರದಾಗ. ಕಣ್ಣ ಇದ್ದಾವ ನೋಡ್ರಿ." ಅವನು ಫೋನನ್ನು ಎಲ್ಲರ ಮುಖದ ಮುಂದೆ ಆಡಿಸಿದ. ಒಡೆದ ಗಾಜಿನ ಮೇಲೆ ಬಿಸಿಲು ಬಿದ್ದು ಯಾರಿಗೂ ಏನೂ ಕಾಣಲಿಲ್ಲ.

"ಮೊನ್ನಿನ ಪೇಜಿನ ಪೋಟೋ ತಗದು ಇಟಗೊಂಡಾನ," ಎಂದ ಹನುಮೇಶ. ಅವನು ಮೈಲಪ್ಪನ ತಮ್ಮನ ಮಗ. ಅವನ ಹಿಂದೆ ಅವರ ಮನೆತನದ ನಾಲ್ಕೈದು ಜನರಿದ್ದರು. "ಪೋನ್ ನಾವೂ ಕಂಡೇವಪಾ."

ನೀರು ಬಳಕೆದಾರರ ಸಂಘದ ಕಾರ್ಯದರ್ಶಿ ಚಂದ್ರಪ್ಪ ಎರಡೂ ಕೈ ಚಾಚಿ ನಡುವೆ ನಿಂತಿದ್ದ. ಅರ್ಧ ತಾಸಿನ ಹಿಂದೆ ರಾಣೇಬೆನ್ನೂರಿಗೆ ಫೋನ್ ಮಾಡಿ, ಹಲ್ಲುಜ್ಜುತ್ತಿದ್ದ ಕನಕರಾಜನನ್ನು ಕರೆಸಿದವನು ಅವನೇ. "ತಮ್ಮಾ, ಇಬ್ಬರೂ ನಂದ ಪಾಳಿ ಅಂತಾರ, ಇಬ್ಬರ ಕೈಯಾಗೂ ಸಲಿಕಿ ಐತಿ. ನನ್ನ ಚೀಟಿ ಒಂದು ಅಂತೈತಿ, ಪಾಳಿ ಪೇಜು ಒಂದು ಅಂತೈತಿ. ವೆಬ್‌ಸೈಟ್ ನಿಂದು, ನೀನ ಬಂದು ಹೇಳು" ಎಂದಿದ್ದ. ಈಗ ಕನಕರಾಜನನ್ನು ಕಂಡವನೇ, "ಬಂದಿ ಏನಪಾ? ಲಗೂ ನೋಡು. ಯಾರ ಹೆಸರು ಐತಿ ನೋಡಿ ಕೂಗಿಬಿಡು," ಎಂದ.

ಆ ಕಾಲುವೆಯ ಮೇಲೆ ನೆಟ್‌ವರ್ಕ್ ಸಿಗುವುದು ಒಂದೇ ಕಡೆ, ತೂಬಿನಿಂದ ಇಪ್ಪತ್ತು ಮಾರು ದೂರದ ಜಾಲಿ ಗಿಡದ ಬುಡದಲ್ಲಿ. ಕನಕರಾಜ ಅಲ್ಲಿಗೆ ಓಡಿ ಫೋನ್ ತೆಗೆದ. ಪುಟ ಬಂತು. 'ಈಗ ನೀರು: ಉಡಚಪ್ಪ.' ಅದರ ಕೆಳಗೆ, ತನಗೊಬ್ಬನಿಗೆ ಬೇಕೆಂದು ಹಾಕಿಕೊಂಡಿದ್ದ ಸಣ್ಣ ಅಕ್ಷರದ ಸಾಲು: 'ಕಳುಹಿಸಿದ ಸಮಯ ಮಧ್ಯಾಹ್ನ 1:42.'

ಫೋನಿನ ನೆತ್ತಿಯ ಮೇಲೆ ಮುಂಜಾನೆ 8:12 ಎಂದಿತ್ತು.

ಅವನು ಒಂದರಲ್ಲಿ ಇನ್ನೊಂದನ್ನು ಕಳೆದು ನೋಡಿದ. ಐದೂವರೆ ತಾಸು. ಒಂದೇ ಕಂಪ್ಯೂಟರಿನಲ್ಲಿ ಅದನ್ನು ನಡೆಸುವ ಎರಡು ವ್ಯವಸ್ಥೆಗಳನ್ನು, ವಿಂಡೋಸನ್ನೂ ಲಿನಕ್ಸನ್ನೂ, ಒಟ್ಟಿಗೆ ಇಟ್ಟುಕೊಂಡವರಿಗೆಲ್ಲ ಈ ಐದೂವರೆ ತಾಸು ಗೊತ್ತು. ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸ್ ನಮ್ಮೂರಿನ ಸಮಯವೆಂದು ಓದುತ್ತದೆ, ಲಿನಕ್ಸ್ ಅದನ್ನೇ ಲಂಡನ್ನಿನ ಸಮಯವೆಂದು ತಿಳಿದು ಮೇಲೆ ಐದೂವರೆ ತಾಸು ಕೂಡಿಸುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳಿಗೆ, ಹಾವೇರಿಯ ಟ್ಯೂಷನ್ ಕ್ಲಾಸುಗಳಿಗೆ ವೆಬ್‌ಸೈಟ್ ಮಾಡುತ್ತ ತಾನೇ ತಿಳಿದು ತಾನೇ ಕಲಿತ ಕನಕರಾಜ ಇದನ್ನು ಎಷ್ಟೋ ಸಲ ಓದಿದ್ದ, ಬೇರೆಯವರಿಗೆ ಹೇಳಿಯೂ ಕೊಟ್ಟಿದ್ದ.

ಸಂಘದ ಹಳೆಯ ಕಂಪ್ಯೂಟರು ವೈರಸ್ ತುಂಬಿ ಮೂಲೆಯಲ್ಲಿ ಬಿದ್ದಿತ್ತು. ಅದಕ್ಕೆ ಲಿನಕ್ಸ್ ಹಾಕಿ ಎಬ್ಬಿಸಿ, ತನ್ನ ಗಡಿಯಾರ ನೋಡಿಕೊಂಡು ನಿಮಿಷಕ್ಕೊಮ್ಮೆ ಪಾಳಿಯ ಪುಟ ಕಳುಹಿಸುವಂತೆ ಮಾಡಿದವನು ಕನಕರಾಜ. "ಪುಕಟ್ ಸಿಗೋದು ಅಂತೀ, ಬಾಳಿಕಿ ಬಂದೀತೇನ?" ಎಂದು ಚಂದ್ರಪ್ಪ ಅನುಮಾನಪಟ್ಟಿದ್ದ, ಆಮೇಲೆ ಬಂದವರಿಗೆಲ್ಲ ಲಿನಕ್ಸಿನ ಗುರುತಾದ ಹಕ್ಕಿಯನ್ನು "ನಮ್ಮ ಪೆಂಗ್ವಿನ್ ನೋಡ್ರಿ" ಎಂದು ತೋರಿಸತೊಡಗಿದ್ದ. ಆದರೂ ಸಭೆಯ ನೋಟೀಸು ಟೈಪ್ ಮಾಡಲು ತನ್ನ ಕೈಗೆ ರೂಢಿಯಾದ ಹಳೆಯ ವಿಂಡೋಸೂ ಇರಲಿ ಎಂದು ಹಟ ಹಿಡಿದಿದ್ದರಿಂದ ಎರಡನ್ನೂ ಇಡಬೇಕಾಯಿತು. ಮುದಿ ಯಂತ್ರದ ಭಾರ ಇಳಿಸಲು ಕನಕರಾಜ ಬೇಡದ್ದನ್ನೆಲ್ಲ ಒಂದೊಂದಾಗಿ ಬಂದ್ ಮಾಡಿದ್ದ. ಇಂಟರ್ನೆಟ್ಟಿನಿಂದ ಸಮಯ ಕೇಳಿ ಗಡಿಯಾರ ತಿದ್ದಿಕೊಳ್ಳುವ ಕೆಲಸವೂ ಅದರಲ್ಲಿ ಹೋಗಿತ್ತು. ನಿನ್ನೆ ಸಂಜೆ ಚಂದ್ರಪ್ಪ ನೋಟೀಸು ಟೈಪ್ ಮಾಡಿ ಮತ್ತೆ ಲಿನಕ್ಸಿಗೆ ಬಂದಿರಬೇಕು. ಅಷ್ಟೇ ಆದದ್ದು.

ಪುಟದಲ್ಲಿ ತಾಸಿನ ಲೆಕ್ಕ ಬೇಡ, ಹೆಸರೊಂದೇ ಸಾಕು ಎಂದು ಹಟ ಮಾಡಿದವನು ಉಡಚಪ್ಪನೇ. ಕಾಲುವೆಯ ನೀರು ಏರಿದಂತೆ ಇಳಿದಂತೆ ಪಾಳಿಯ ತಾಸು ದಿನಾ ಜರುಗುತ್ತಿತ್ತು, ಯಾರಿಗೂ ನೆನಪಿರುತ್ತಿರಲಿಲ್ಲ. "ತಾಸು ಗೀಸು ನಮಗ ತಿಳಿಯಂಗಿಲ್ಲೋ ತಮ್ಮಾ. ಹೆಸರು ಕಂಡ್ರ ಸಲಿಕಿ ತಗೊಂಡು ಹೊಂಟೆ," ಎಂದಿದ್ದ. ಇವತ್ತು ಹಾಗೆಯೇ ಹೊರಟು ಬಂದಿದ್ದ.

ಕೂಗಬೇಕಿತ್ತು. ಗಿಡದ ಬುಡದಿಂದಲೇ ಒಂದು ಮಾತು ಕೂಗಿದ್ದರೆ ಮುಗಿಯುತ್ತಿತ್ತು. ಆದರೆ ಬರುವ ಸೋಮವಾರ ಹಾವೇರಿ ಕಡೆಯ ಹನ್ನೊಂದು ಸಂಘದವರು ಇದೇ ಪುಟ ನೋಡಲು ಬರುವವರಿದ್ದರು, ಪುಟ ತಪ್ಪಿದ್ದು ಅವರ ಕಿವಿಗೆ ಬೀಳಬಾರದಿತ್ತು. ಕನಕರಾಜನ ಹೆಬ್ಬೆರಳು ಬಾಯಿಗಿಂತ ಮೊದಲು ಹೊರಟಿತು. ಸಂಘದ ಕಂಪ್ಯೂಟರಿನೊಳಕ್ಕೆ ಫೋನಿನಿಂದಲೇ ಹೋಗಲು ನೋಡಿದ. ಕಪ್ಪು ಪರದೆ, ಬಿಳಿ ಅಕ್ಷರ. ಪಾಸ್‌ವರ್ಡ್ ಒಂದು ಸಲ ತಪ್ಪಿತು.

ಹಿಂದೆ ಮೈಲಪ್ಪನ ಹೆಂಡತಿ ಫಕ್ಕೀರವ್ವ ಚೀರಿದಳು. ಗಂಡನಿಗೆ ರೊಟ್ಟಿ ಗಂಟು ತಂದವಳು. ಕನಕರಾಜ ತಲೆ ಎತ್ತಿ ನೋಡಿದ. ಉಡಚಪ್ಪ ಮೈಲಪ್ಪನ ಕುತ್ತಿಗೆ ಹಿಡಿದು ಮುಖವನ್ನು ಕಾಲುವೆಯ ನೀರಿಗೆ ಅದುಮಿದ್ದ. ಮುದುಕನ ಕಾಲುಗಳು ದಂಡೆಯ ಮಣ್ಣನ್ನು ಗೀರುತ್ತಿದ್ದವು. ಚಂದ್ರಪ್ಪ ಹಿಂದಿನಿಂದ ಉಡಚಪ್ಪನ ಸೊಂಟ ಜಗ್ಗುತ್ತಿದ್ದ. ಕನಕರಾಜ ಮತ್ತೆ ತಲೆ ತಗ್ಗಿಸಿ ಪಾಸ್‌ವರ್ಡ್ ಹೊಡೆದ. ಗಡಿಯಾರ ತಿದ್ದುವ ಒಂದು ಸಾಲು, ಪುಟ ಮತ್ತೆ ಕಳುಹಿಸುವ ಒಂದು ಸಾಲು. ನೋಡನೋಡುತ್ತ ಹಸಿರು ಹೆಸರು ಬದಲಾಯಿತು.

'ಈಗ ನೀರು: ಮೈಲಪ್ಪ.'

"ಯಾರದೋ?" ಚಂದ್ರಪ್ಪ ಏದುಸಿರು ಬಿಡುತ್ತ ಕೇಳಿದ. ಮೈಲಪ್ಪನನ್ನು ಹೇಗೋ ಬಿಡಿಸಿಕೊಂಡಿದ್ದರು. ಅವನು ಮೊಣಕಾಲೂರಿ ಕೆಸರು ನೀರು ಕಾರುತ್ತಿದ್ದ.

"ಮೈಲಪ್ಪಜ್ಜಂದ್ರಿ," ಎಂದ ಕನಕರಾಜ. ಅದು ಸುಳ್ಳೇನೂ ಆಗಿರಲಿಲ್ಲ.

ಹನುಮೇಶ ಗಿಡದ ಬುಡಕ್ಕೆ ಓಡಿ ಬಂದು ತನ್ನ ಫೋನಿನಲ್ಲಿ ತಾನೇ ನೋಡಿದ. "ಖರೇ ಐತಿ. ದೊಡ್ಡಪ್ಪನ ಹೆಸರ ಐತಿ. ಈ ಸೂಳಿಮಗ ಪೋಟೋ ತೋರಿಸಿ ಕೊಲ್ಲಾಕ ಬಂದಿದ್ದ," ಎನ್ನುತ್ತ ತೂಬಿನ ಕಡೆ ವಾಪಸ್ ಓಡಿದ.

"ಮನ್ಯಾಗ ನೋಡಿದಾಗ ನನ್ನ ಹೆಸರಿತ್ತು," ಎಂದ ಉಡಚಪ್ಪ. ಅವನ ದನಿ ತಟ್ಟನೆ ಸಣ್ಣದಾಗಿತ್ತು. ಕನಕರಾಜನ ಕಡೆ ತಿರುಗಿದ. "ಹೇಳೋ ತಮ್ಮಾ. ಮುಂಜಾನಿ ನನ್ನ ಹೆಸರಿತ್ತಲ್ಲ?"

ಕನಕರಾಜ ಬಾಯಿ ತೆರೆಯುವುದರೊಳಗೆ ಹನುಮೇಶನ ಮೊಣಕೈ ಉಡಚಪ್ಪನ ಬಾಯಿಗೆ ಬಿತ್ತು. ಆಮೇಲೆ ಎಲ್ಲರೂ ಅವನ ಮೇಲೆ ಬಿದ್ದರು. ಸಲಿಕೆಯನ್ನು ಯಾರೋ ಕಿತ್ತು ಎಸೆದರು. ಅವನು ಬಿದ್ದಾಗ ಪಕ್ಕೆಗೆ ಒದ್ದರು. ಒಳಗೆ ಒಣ ಕಟ್ಟಿಗೆ ಮುರಿದಂತೆ ಲಟಕ್ಕೆಂದದ್ದು ಕನಕರಾಜನಿಗೆ ಅಷ್ಟು ದೂರ ಕೇಳಿಸಿತು. ಫಕ್ಕೀರವ್ವ ಚಪ್ಪಲಿ ತೆಗೆದು ಸಿಕ್ಕಲ್ಲಿ ಬಾರಿಸುತ್ತ, ಪ್ರತಿ ಏಟಿಗೂ "ಸುಳ್ಳ ಹೇಳ್ತಿ? ಸುಳ್ಳ ಹೇಳ್ತಿ?" ಎನ್ನುತ್ತಿದ್ದಳು. ಫೋನು ಇನ್ನೂ ಉಡಚಪ್ಪನ ಮುಷ್ಟಿಯಲ್ಲೇ ಇತ್ತು. ಹನುಮೇಶ ಆ ಮುಷ್ಟಿಯನ್ನು ಬೂಟಿನಿಂದ ತುಳಿದು ತಿರುವಿದ.

"ಬಿಡ್ರಿ," ಎಂದ ಕನಕರಾಜ. ತನ್ನ ದನಿ ತನಗೇ ಕೇಳಲಿಲ್ಲ. ಓಡಿಹೋಗಿ ಹನುಮೇಶನ ಅಂಗಿ ಹಿಡಿದು ಜಗ್ಗಿದ. "ಬಿಡ್ರಿ ಅವನ್ನ. ಅಂವ ಸುಳ್ಳ ಹೇಳಿಲ್ಲ."

"ಈಗರ ಮೈಲಪ್ಪಂದು ಅಂದ್ಯಲ್ಲೋ," ಎಂದ ಚಂದ್ರಪ್ಪ.

"ಪಾಳಿ ಅಜ್ಜಂದ. ಆದ್ರ ಪೇಜಿನ್ಯಾಗ ಉಡಚಪ್ಪಣ್ಣನ ಹೆಸರ ಇತ್ತು. ಕಂಪ್ಯೂಟರಿನ ಗಡಿಯಾರ ಐದೂವರೆ ತಾಸು ಮುಂದ ಹೋಗಿತ್ತು. ತಪ್ಪು ನಂದು."

"ಮತ್ತ ಈಗ ಹೆಂಗ ಬದಲಾತು?" ಎಂದ ಹನುಮೇಶ.

"ನಾನ ಬದಲ ಮಾಡಿದೆ. ಈಗ. ಅಲ್ಲಿ ಗಿಡದ ಬುಡಕ ನಿಂತು."

ಒದೆಯುತ್ತಿದ್ದ ಕಾಲುಗಳು ನಿಂತವು. ಮೈಲಪ್ಪ ನೆಲದಿಂದಲೇ ಕೆಮ್ಮುತ್ತ ಕೇಳಿದ, "ನನ್ನ ನೀರಾಗ ಅದುಮಿದ್ದನಲ್ಲ, ಅವಾಗ ನೀ ಏನ್ ಮಾಡಾಕತ್ತಿದ್ದಿ?"

"ಟೈಪ್ ಮಾಡಾಕತ್ತಿದ್ದೆರಿ."

"ನೋಡಿದಿ?"

"ನೋಡಿದೆರಿ."

ಫಕ್ಕೀರವ್ವ ಕೈಯಲ್ಲಿದ್ದ ಚಪ್ಪಲಿಯನ್ನು ನೋಡಿಕೊಂಡಳು. ಅದನ್ನು ಕಾಲಿಗೆ ಹಾಕಿಕೊಳ್ಳಲಿಲ್ಲ, ಕೆಳಗೂ ಹಾಕಲಿಲ್ಲ. "ನಾಕ ಅಕ್ಷರ ಕೂಗಾಕ ನಿನಗ ಏನಾಗಿತ್ತೋ ಯಪ್ಪಾ?" ಎಂದಳು, ಮೆಲ್ಲಗೆ.

ಉಡಚಪ್ಪ ಎದ್ದ. ಒಂದು ಹಲ್ಲನ್ನು ರಕ್ತದ ಸಮೇತ ಉಗುಳಿ, ಪಕ್ಕೆ ಹಿಡಿದುಕೊಂಡು ನಡೆದು ಹೋಗಿ ಬಿದ್ದಿದ್ದ ಸಲಿಕೆ ಎತ್ತಿಕೊಂಡ. ಯಾರೂ ತಡೆಯಲಿಲ್ಲ. ಕನಕರಾಜನೂ ಓಡಲಿಲ್ಲ. ಕಾವು ಅವನ ಬಲಗೈಯ ಮೇಲೆ ಬಿತ್ತು, ಮಣಿಕಟ್ಟಿನ ಕೆಳಗೆ. ಎರಡನೆಯ ಸಲ ಎತ್ತಲು ಉಡಚಪ್ಪನಿಗೆ ಉಸಿರು ಸಾಲಲಿಲ್ಲ. ಸಲಿಕೆಗೆ ಒರಗಿಕೊಂಡು ಹಾಗೆಯೇ ಕುಕ್ಕರಿಸಿದ.

ಟೊಮ್ಯಾಟೋ ಹೇರಿಕೊಂಡು ರಾಣೇಬೆನ್ನೂರಿಗೆ ಹೊರಟಿದ್ದ ಟೆಂಪೋವನ್ನು ಚಂದ್ರಪ್ಪ ಅಡ್ಡಗಟ್ಟಿ ನಿಲ್ಲಿಸಿದ. "ದವಾಖಾನ್ಯಾಗ ಕೇಳಿದ್ರ ಬಿದ್ದೇವಿ ಅನ್ರಿ," ಎಂದು ಮೂವರನ್ನೂ ಹತ್ತಿಸಿದ.

"ಮೂರೂ ಮಂದಿ ಕೂಡಿ ಎಲ್ಲಿ ಬಿದ್ವೋ?" ಎಂದ ಮೈಲಪ್ಪ.

ಟ್ರೇಗಳ ನಡುವೆ ಇಬ್ಬರು ಕೂರುವಷ್ಟೇ ಜಾಗವಿತ್ತು. ಮೈಲಪ್ಪ, ಉಡಚಪ್ಪ ಭುಜಕ್ಕೆ ಭುಜ ತಾಗಿ ಕೂತರು. ಟೆಂಪೋ ಕುಕ್ಕಿದಾಗಲೆಲ್ಲ ಉಡಚಪ್ಪ ತಡೆಯಲಾರದೆ ಮುದುಕನ ಮೇಲೆ ವಾಲುತ್ತಿದ್ದ. ಮೈಲಪ್ಪ ಸರಿದುಕೊಳ್ಳಲಿಲ್ಲ, ತಿರುಗಿ ನೋಡಲೂ ಇಲ್ಲ. ಕನಕರಾಜ ಹಿಂಬಾಗಿಲ ಸರಪಳಿಗೆ ಎಡಗೈ ಸಿಕ್ಕಿಸಿ ನಿಂತ. ಬಲಗೈ ಊದಿ ಯಾರದೋ ಕೈಯಂತೆ ಜೋತಿತ್ತು.

ಗಲಾಟೆಯಲ್ಲಿ ತೂಬನ್ನು ಯಾರೂ ಮುಚ್ಚಿರಲಿಲ್ಲ. ನೀರು ಬದುವನ್ನು ಒಡೆದು, ಎರಡೂ ಹೊಲ ಬಿಟ್ಟು, ಬಂಡಿ ದಾರಿಗುಂಟ ಹರಿದು ಡಾಂಬರಿಗೆ ಬಂದಿತ್ತು. ಟೆಂಪೋ ಅದನ್ನು ಹಾಯ್ದು ಹೊರಟಿತು. ಒದ್ದೆ ಗಾಲಿಗಳ ಎರಡು ಗೆರೆ ಕಪ್ಪಗೆ ಹಿಂದೆ ಹಿಂದೆ ಬಂದವು. ಹಲಗೇರಿ ತಿರುವಿನ ಹೊತ್ತಿಗೆ ಅವು ತೆಳ್ಳಗಾಗಿ, ಅಲ್ಲೊಂದು ಇಲ್ಲೊಂದು ತುಂಡಾಗಿ, ಬಿಸಿಲಿಗೆ ಆರಿದವು.